ಸೊಟ್ಟಗಿರುವುದೆಲ್ಲ ಅಭಿವ್ಯಕ್ತಿವಾದ ಅಲ್ಲ

ವೋಲ್ಫ್‌ಗಾಂಗ್ ಮಟ್ಟೊಯರ್ ಅವರ ‘ಶತಮಾನದ ಹೆಜ್ಜೆ’ ಅನ್ನುವ ಕಂಚಿನ ಶಿಲ್ಪದ ಫೋಟೊ ಕೆಳಗೆ ‘ಜರ್ಮನ್ ಅಭಿವ್ಯಕ್ತಿವಾದಿ ಶಿಲ್ಪ’ ಅಂತ ಬರೆದಿದ್ದನ್ನು ಮತ್ತೆ ನೋಡಿದೆ. ಸಾಕಪ್ಪ ಅನ್ನಿಸಿತು. ಕೈಕಾಲು ಸೊಟ್ಟಗಿದ್ದರೆ ಮುಗೀತು, ಈ ಪದ ಅಂಟಿಸಿಬಿಡುತ್ತಾರೆ. ಕಲಾವಿದ ಜರ್ಮನಿಯವನಾಗಿದ್ದರಂತೂ ಕೇಳುವುದೇ ಬೇಡ.

ಪದದ ಬೇರಿನಿಂದಲೇ ಶುರು ಮಾಡೋಣ. ಇಂಗ್ಲಿಷಿನ ‘ಎಕ್ಸ್‌ಪ್ರೆಷನಿಸಂ’ ಅನ್ನೇ ನಾವು ಅಭಿವ್ಯಕ್ತಿವಾದ ಅನ್ನುವುದು. ‘ಎಕ್ಸ್‌ಪ್ರೆಷನ್’ ಬಂದಿದ್ದು ಲ್ಯಾಟಿನ್ನಿನ ‘ಎಕ್ಸ್‌ಪ್ರಿಮೆರೆ’ಯಿಂದ. ‘ಎಕ್ಸ್’ ಅಂದರೆ ಹೊರಗೆ, ‘ಪ್ರೆಮೆರೆ’ ಅಂದರೆ ಒತ್ತು. ಎರಡೂ ಸೇರಿದರೆ ಒತ್ತಿ ಹೊರಗೆ ತೆಗೆಯುವುದು, ಹಿಂಡುವುದು. ಎಸ್ಪ್ರೆಸೊ ಕಾಫಿಯ ಹೆಸರಿಗೂ ಇದೇ ಮೂಲ. ನಮ್ಮ ‘ಅಭಿವ್ಯಕ್ತಿ’ಯ ಹುಟ್ಟು ಬೇರೆ ಕಡೆ. ಅದರೊಳಗೆ ಇರುವುದು ಸಂಸ್ಕೃತದ ‘ಅಂಜ್’ ಧಾತು. ಬಳಿ, ಸವರು, ಕಾಣುವಂತೆ ಮಾಡು ಅನ್ನುವ ಅರ್ಥಗಳು ಅದಕ್ಕಿವೆ. ಕಣ್ಣಿಗೆ ಹಚ್ಚುವ ಅಂಜನ, ಅಕ್ಷರಮಾಲೆಯ ವ್ಯಂಜನ ಎಲ್ಲ ಅದೇ ಮನೆಯವು. ಅಂದರೆ ನಮ್ಮ ಪದದಲ್ಲಿ ಕಾಣಿಸುವ ಕೆಲಸ ಉಂಟು, ಒತ್ತಡ ಇಲ್ಲ. ಅರ್ಧ ಗೊಂದಲ ಇಲ್ಲೇ ಹುಟ್ಟುತ್ತದೆ. ಏನನ್ನೋ ‘ವ್ಯಕ್ತಪಡಿಸುವ’ ಕಲೆಯೆಲ್ಲ ಅಭಿವ್ಯಕ್ತಿವಾದ ಅಂದುಕೊಂಡುಬಿಡುತ್ತೇವೆ. ಏನನ್ನೂ ವ್ಯಕ್ತಪಡಿಸದ ಕಲೆ ಯಾವುದಿದೆ ಸ್ವಾಮಿ?

ಇನ್ನರ್ಧ ಗೊಂದಲ ‘ವಾದ’ದ್ದು. ಇದು ಒಂದು ಕಾಲದ, ಒಂದು ಗುಂಪಿನ ಹೆಸರು. 1905ರಲ್ಲಿ ಡ್ರೆಸ್ಡೆನ್‌ನಲ್ಲಿ ವಾಸ್ತುಶಿಲ್ಪ ಓದುತ್ತಿದ್ದ ನಾಲ್ವರು ಹುಡುಗರು ‘ಬ್ರ್ಯುಕೆ’, ಅಂದರೆ ಸೇತುವೆ, ಅನ್ನುವ ಗುಂಪು ಕಟ್ಟಿದರು. ಆಮೇಲೆ ಮ್ಯೂನಿಕ್‌ನಲ್ಲಿ ‘ನೀಲಿ ಸವಾರ’ ಅನ್ನುವ ಇನ್ನೊಂದು ಗುಂಪು ಬಂತು. ಕಣ್ಣಿಗೆ ಕಂಡಿದ್ದನ್ನಲ್ಲ, ಒಳಗೆ ಕುದಿಯುವುದನ್ನು ಹೊರಗೆ ಹಾಕಬೇಕು ಅನ್ನುವುದು ಅವರ ಹಟ. ಬಣ್ಣ, ಗೆರೆ, ಆಕಾರ ಎಲ್ಲ ಆ ಒತ್ತಡಕ್ಕೆ ಬಾಗುತ್ತಿದ್ದವು. ಸೊಟ್ಟಗಾಗುವುದು ಇದರ ಪರಿಣಾಮ ಅಷ್ಟೇ, ಗುರುತಿನ ಚೀಟಿ ಅಲ್ಲ.

ಶಿಲ್ಪದಲ್ಲಿ ಈ ಮಾತು ಸರಿಯಾಗಿ ಒಪ್ಪುವುದು ಜರ್ಮನ್ ಶಿಲ್ಪಿ ಎರ್ನ್‌ಸ್ಟ್ ಬಾರ್ಲಾಖ್‌ಗೆ. ಗ್ಯುಸ್ಟ್ರೋ ಊರಿನ ಚರ್ಚಿನಲ್ಲಿ 1927ರಲ್ಲಿ ಅವರು ಒಂದು ಕಂಚಿನ ದೇವದೂತನನ್ನು ತೂಗುಹಾಕಿದರು. ಮೊದಲ ಮಹಾಯುದ್ಧದಲ್ಲಿ ಸತ್ತವರ ನೆನಪಿಗೆ ಮಾಡಿದ್ದು. ರೆಕ್ಕೆ ಇಲ್ಲ. ಅಡ್ಡಲಾಗಿ ಗಾಳಿಯಲ್ಲಿ ತೇಲುವ ಮೈ, ಎದೆಯ ಮೇಲೆ ಕಟ್ಟಿದ ಕೈ, ಮುಚ್ಚಿದ ಕಣ್ಣು. ಮೈಯೆಲ್ಲ ಒಂದೇ ಉಸಿರು ಹಿಡಿದ ಹಾಗೆ ಬಿಗಿಯಾಗಿದೆ. 1937ರಲ್ಲಿ ನಾಜಿಗಳ ಕಾಲದಲ್ಲಿ ಅದನ್ನು ಇಳಿಸಿದರು, ಆಮೇಲೆ ಯುದ್ಧ ಸಾಮಗ್ರಿಗೆಂದು ಕರಗಿಸಿದರು. ಗೆಳೆಯರು ಗುಟ್ಟಾಗಿ ಇನ್ನೊಂದು ಎರಕ ಹೊಯ್ಯಿಸಿ ಹಳ್ಳಿಯಲ್ಲಿ ಬಚ್ಚಿಟ್ಟಿದ್ದರಿಂದ ಶಿಲ್ಪ ಉಳಿಯಿತು. ಆ ಎರಕ ಈಗ ಕಲೋನ್‌ನ ಚರ್ಚಿನಲ್ಲಿದೆ.

ಯುದ್ಧ ಮುಗಿದ ಮೇಲಾದರೂ ಬಾರ್ಲಾಖ್‌ಗೆ ನೆಮ್ಮದಿ ಸಿಕ್ಕಿತಾ? ಇಲ್ಲ. ತೀರಿಕೊಂಡು 13 ವರ್ಷವಾಗಿತ್ತು, ಆದರೂ ಬಿಡಲಿಲ್ಲ. 1951ರ ಕೊನೆಗೆ ಪೂರ್ವ ಬರ್ಲಿನ್‌ನಲ್ಲಿ ಅವರ ಪ್ರದರ್ಶನ ನಡೆದಾಗ ಕಮ್ಯುನಿಸ್ಟ್ ಪಕ್ಷದ ಪತ್ರಿಕೆ ‘ಫಾರ್ಮಲಿಸಂ’, ಅಂದರೆ ಬರೀ ರೂಪದ ಹುಚ್ಚು, ಅಂತ ಜಾಡಿಸಿತು. ಜನರನ್ನು ಹುರುಪಿನಿಂದ ಮುನ್ನಡೆಸದ ಕಲೆ ಅನ್ನುವುದು ದೂರು. ನಾಟಕಕಾರ ಬ್ರೆಕ್ಟ್ ಬಾರ್ಲಾಖ್ ಪರ ಬರೆಯಬೇಕಾಯಿತು. ನಾಜಿಗಳಿಗೆ ‘ಕೆಟ್ಟುಹೋದ ಕಲೆ’, ಕಮ್ಯುನಿಸ್ಟರಿಗೆ ‘ಫಾರ್ಮಲಿಸಂ’. ಎರಡು ಸರ್ಕಾರಗಳಿಂದ ಬೈಸಿಕೊಂಡ ಕಲೆಯ ಹೆಸರಿದು. ಹಾಗಾಗಿ ಸುಮ್ನೆ ಎಲ್ಲದಕ್ಕೂ ಮೆತ್ತಿದರೆ ಸಿಟ್ಟು ಬರುತ್ತದೆ.

ಈಗ ಮಟ್ಟೊಯರ್. ಅವರು ಪೂರ್ವ ಜರ್ಮನಿಯ ಲೈಪ್‌ಜಿಗ್‌ನವರು, ಹುಟ್ಟಿದ್ದು 1927ರಲ್ಲಿ. ಮುಖ್ಯವಾಗಿ ಚಿತ್ರಕಾರ. ‘ಶತಮಾನದ ಹೆಜ್ಜೆ’ 1984ರದ್ದು. ಸುಮಾರು ಎರಡೂವರೆ ಮೀಟರ್ ಎತ್ತರ. ಬಲಗೈ ನೆಟ್ಟಗೆ ಚಾಚಿ ಹಿಟ್ಲರ್ ಸೆಲ್ಯೂಟ್ ಹೊಡೆಯುತ್ತಿದೆ. ಎಡಗೈ ಮುಷ್ಟಿ ಕಟ್ಟಿದೆ, ಕಮ್ಯುನಿಸ್ಟರ ಹಾಗೆ. ಒಂದು ಕಾಲು ಸೈನಿಕರ ಬೂಟಿನಲ್ಲಿ. ಇನ್ನೊಂದು ಬರಿಗಾಲು ಬೆತ್ತಲೆಯಾಗಿ ತುಂಬ ಮುಂದಕ್ಕೆ ಹೋಗಿಬಿಟ್ಟಿದೆ. ಲೈಪ್‌ಜಿಗ್‌ನ ಪ್ರತಿಯಲ್ಲಿ ಆ ಕಾಲಿಗೆ ಬಿಳಿ ಬಣ್ಣ. ತಲೆ? ಹುಡುಕಬೇಕು. ಕೋಟಿನ ಕಾಲರಿನೊಳಗೆ ಕುಸಿದು ಕೂತಿದೆ. ಇಡೀ ಮೈ ಈಗಲೋ ಆಗಲೋ ಮುಗ್ಗರಿಸುವಂತಿದೆ.

ಇಲ್ಲಿ ಒಳಗಿನ ಕುದಿ ಉಕ್ಕಿ ಆಕಾರ ಬಾಗಿಲ್ಲ. ಒಂದೊಂದು ಅಂಗವನ್ನೂ ಯೋಚಿಸಿ ಜೋಡಿಸಿದ್ದಾರೆ. ಸೆಲ್ಯೂಟ್‌ಗೆ ಒಂದು ಅರ್ಥ, ಮುಷ್ಟಿಗೆ ಒಂದು, ಬೂಟಿಗೆ ಒಂದು. ಓದಿದಂತೆ ಓದಬಹುದು. ಭಾವ ಉಕ್ಕುವ ಶಿಲ್ಪ ಅನ್ನಿ, ತಕರಾರಿಲ್ಲ. ಆದರೆ ಜಾತಿಯಲ್ಲಿ ಇದು ರೂಪಕ, ಸ್ವಲ್ಪ ವ್ಯಂಗ್ಯಚಿತ್ರದ ಕಡೆಯ ನೆಂಟ. ಧೈರ್ಯ ಇರುವುದೂ ಆ ಜೋಡಣೆಯಲ್ಲೇ. ‘ನಾವು ಫ್ಯಾಸಿಸಂ ವಿರೋಧಿಗಳು’ ಅನ್ನುವುದೇ ಪೂರ್ವ ಜರ್ಮನಿಯ ಬುನಾದಿ ಮಾತಾಗಿತ್ತು. ಅಂಥ ದೇಶದಲ್ಲಿ ಕೂತು ಎರಡೂ ಕೈಗಳನ್ನು ಒಂದೇ ಮೈಗೆ ಅಂಟಿಸುವುದು ಸಣ್ಣ ಮಾತಲ್ಲ, ಅಲ್ವಾ? ಆಶ್ಚರ್ಯ ಅಂದರೆ, 1987–88ರಲ್ಲಿ ಡ್ರೆಸ್ಡೆನ್‌ನ ಸರ್ಕಾರಿ ಕಲಾ ಪ್ರದರ್ಶನದಲ್ಲೇ ಇದನ್ನು ಇಟ್ಟಿದ್ದರು. 1988ರಲ್ಲಿ ಮಟ್ಟೊಯರ್ ಆಳುವ ಕಮ್ಯುನಿಸ್ಟ್ ಪಕ್ಷ ಬಿಟ್ಟರು. ಮರುವರ್ಷ ಸರ್ಕಾರದ ವಿರುದ್ಧ ಲೈಪ್‌ಜಿಗ್‌ನಲ್ಲಿ ನಡೆದ ಬೀದಿ ಮೆರವಣಿಗೆಗಳಲ್ಲಿ ಅವರೂ ನಡೆದರು.

ಲೈಪ್‌ಜಿಗ್‌ನವರ ಮೇಲೆ ಈ ಪದ ಹಾಕಲೇಬೇಕು ಅಂತಿದ್ದರೆ ಮಟ್ಟೊಯರ್ ಜೊತೆಗಾರ ಬೆರ್ನ್‌ಹಾರ್ಡ್ ಹೈಸಿಗ್ ಇದ್ದಾರೆ. ಅವರ ಕುಂಚ ನಿಜಕ್ಕೂ ಆ ಹಳೆಯ ಗುಂಪಿನ ವಂಶದ್ದು. ಪಶ್ಚಿಮ ಜರ್ಮನಿಯ ಮಾಜಿ ಚಾನ್ಸೆಲರ್ ಹೆಲ್ಮುಟ್ ಷ್ಮಿಟ್ ತಮ್ಮ ಅಧಿಕೃತ ಭಾವಚಿತ್ರ ಬರೆಯಲು ಗಡಿಯಾಚೆಯ ಇವರನ್ನೇ ಆರಿಸಿಕೊಂಡಿದ್ದರು. ಅದನ್ನು ನೋಡಿ, ಆಮೇಲೆ ಮಟ್ಟೊಯರ್ ಚಿತ್ರಗಳ ನುಣುಪಾದ, ತಣ್ಣಗಿನ ಗೆರೆ ನೋಡಿ. ವ್ಯತ್ಯಾಸ ನಾನು ಹೇಳಬೇಕಾಗಿಲ್ಲ.