‘ನಾನಿಲ್ಲಿ ಕ್ಷೇಮ’: ಅಮೆರಿಕದ ಅಂತರ್ಯುದ್ಧದ ಪಾಳೆಯಗಳಿಂದ ಬಂದ ಕಾಗದಗಳು

ನಮ್ಮ ಹಿರಿಯರು ಕಾಗದ ಬರೆಯುವಾಗ ಮೊದಲ ಸಾಲು ಹೆಚ್ಚುಕಡಿಮೆ ಒಂದೇ ಇರುತ್ತಿತ್ತು. ‘ಉಭಯ ಕುಶಲೋಪರಿ ಸಾಂಪ್ರತ. ನಾವು ಇಲ್ಲಿ ಕ್ಷೇಮ, ನಿಮ್ಮ ಕ್ಷೇಮಕ್ಕೆ ಕಾಗದ ಬರೆಯುತ್ತಿರಬೇಕು.’ ಅಮೆರಿಕದ ಅಂತರ್ಯುದ್ಧದ ಸೈನಿಕರ ಕಾಗದಗಳನ್ನು ಓದಲು ಕೂತಾಗ ನನಗೆ ಮೊದಲು ಕಂಡದ್ದೂ ಇದೇ. ಲೇಖನಿ ಹಿಡಿದಿದ್ದೇನೆ, ಆರೋಗ್ಯವಾಗಿದ್ದೇನೆ, ಈ ನಾಲ್ಕು ಸಾಲು ತಲುಪುವಾಗ ನೀವೂ ಹಾಗೇ ಇದ್ದೀರಿ ಅಂದುಕೊಂಡಿದ್ದೇನೆ. ಲೆಕ್ಕವಿಲ್ಲದಷ್ಟು ಕಾಗದಗಳು ಹೀಗೇ ಶುರುವಾಗುತ್ತವೆ.

ಆಮೇಲಿನದು ಮಾತ್ರ ಒಬ್ಬೊಬ್ಬರದು ಒಂದೊಂದು ಥರ. ಹೊಟ್ಟೆ ಕೆಟ್ಟಿದ್ದು, ಮೈತುಂಬ ಹೇನು ಹತ್ತಿದ್ದು, ಸಂಬಳ ಬಾರದೇ ಇದ್ದದ್ದು, ಕ್ಯಾಪ್ಟನ್ ಮೇಲಿನ ಸಿಟ್ಟು, ಊರಿನ ಬೆಳೆಯ ಚಿಂತೆ. ಮುಚ್ಚುಮರೆ ಇಲ್ಲ. ಸೈನಿಕನೊಬ್ಬ ಮನೆಗೆ ಇಷ್ಟು ಬಿಚ್ಚಿ ಬರೆಯಲು ಸಾಧ್ಯವಾದದ್ದು ಹೇಗೆ?

1861ರ ಏಪ್ರಿಲ್ 12ರಂದು ಸೌತ್ ಕೆರೋಲಿನಾದ ಫೋರ್ಟ್ ಸಮ್ಟರ್ ಕೋಟೆಯ ಮೇಲೆ ಗುಂಡು ಹಾರಿದಾಗ ಯುದ್ಧ ಶುರುವಾಯಿತು. ಗುಲಾಮಗಿರಿಯನ್ನು ಉಳಿಸಿಕೊಳ್ಳಲು ದಕ್ಷಿಣದ ರಾಜ್ಯಗಳು ದೇಶ ಬಿಟ್ಟು ಹೊರಟಿದ್ದವು. ಮುಂದಿನ ನಾಲ್ಕು ವರ್ಷ ಎರಡೂ ಕಡೆಯಿಂದ ಲಕ್ಷಾಂತರ ಯುವಕರು ದಂಡಿಗೆ ಸೇರಿದರು. ಹೆಚ್ಚಿನವರು ರೈತರ ಮಕ್ಕಳು, ಊರು ಬಿಟ್ಟು ದೂರ ಹೋದದ್ದೇ ಅದು ಮೊದಲ ಸಲ. ಆದರೆ ಇವರಿಗೆ ಅಕ್ಷರ ಬರುತ್ತಿತ್ತು. ಉತ್ತರದ ಬಿಳಿ ಸೈನಿಕರಲ್ಲಿ 100ಕ್ಕೆ ಸುಮಾರು 90 ಮಂದಿ, ದಕ್ಷಿಣದಲ್ಲಿ ಸುಮಾರು 80 ಮಂದಿ ಓದುಬರಹ ಬಲ್ಲವರು. ಅದಕ್ಕೂ ಹಿಂದಿನ ಸೈನ್ಯಗಳಲ್ಲಿ ಇದು ಅಪರೂಪ.

ಅಂಚೆಯೂ ಕೈಗೆಟುಕುವಂತಿತ್ತು. ಸೈನಿಕರಿಗೆ ಅಂಚೆಯಲ್ಲಿ ರಿಯಾಯಿತಿ ಕೊಡುವ ಪದ್ಧತಿ ಹಳೆಯದು. ಬ್ರಿಟನ್ 1795ರಲ್ಲೇ ತನ್ನ ಸೈನಿಕರು, ನಾವಿಕರ ಕಾಗದಕ್ಕೆ ಒಂದು ಪೆನ್ನಿ ದರ ಕೊಟ್ಟಿತ್ತು. ಅಮೆರಿಕದಲ್ಲಿ ಆಗ ಸಾಮಾನ್ಯ ಕಾಗದಕ್ಕೆ 3 ಸೆಂಟ್. ಪಾಳೆಯದಲ್ಲಿ ಸ್ಟ್ಯಾಂಪು ಸಿಗುವುದೇ ಕಷ್ಟ, ಸಿಕ್ಕರೂ ಬೆವರಿಗೆ, ಮಳೆಗೆ ಒಂದಕ್ಕೊಂದು ಅಂಟಿಕೊಳ್ಳುತ್ತಿದ್ದವು. ಅದಕ್ಕೇ 1861ರ ಜುಲೈಯಿಂದ ಲಕೋಟೆಯ ಮೇಲೆ ‘ಸೋಲ್ಜರ್ಸ್ ಲೆಟರ್’ ಎಂದು ಬರೆದು, ಅಧಿಕಾರಿಯ ಸಹಿ ಹಾಕಿಸಿದರೆ ಸ್ಟ್ಯಾಂಪಿಲ್ಲದೆಯೇ ಕಳಿಸಬಹುದಾಯಿತು. ದುಡ್ಡು ಮನೆಯವರು ಕೊಟ್ಟು ಬಿಡಿಸಿಕೊಳ್ಳಬೇಕು. ಸಾವಿರ ಜನರ ಒಂದೊಂದು ರೆಜಿಮೆಂಟಿನಿಂದ ದಿನಕ್ಕೆ ಸರಾಸರಿ 600 ಕಾಗದ ಹೊರಡುತ್ತಿದ್ದವು ಎಂದು ಆಗಿನ ಒಬ್ಬರು ಲೆಕ್ಕ ಕೊಟ್ಟಿದ್ದಾರೆ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಕಾರಣ ಬೇರೆಯೇ. ಈ ಕಾಗದಗಳನ್ನು ನಡುವೆ ಒಡೆದು ಓದುವವರು ಸಾಮಾನ್ಯವಾಗಿ ಯಾರೂ ಇರಲಿಲ್ಲ. ಅಧಿಕಾರಿ ಹಾಕುತ್ತಿದ್ದ ಸಹಿ ಲಕೋಟೆಯ ಹೊರಗೆ. ಒಳಗಿನದು ಸೈನಿಕನಿಗೂ ಅವನ ಮನೆಗೂ ಬಿಟ್ಟದ್ದು.

ದಕ್ಷಿಣದವರ ಪಾಡು ಬೇರೆ. ಉತ್ತರದ ಸರ್ಕಾರ 1861ರಲ್ಲಿ ಹಳೆಯ ಸ್ಟ್ಯಾಂಪುಗಳನ್ನೆಲ್ಲ ರದ್ದುಮಾಡಿ ಹೊಸದು ತಂದಿತು, ದಕ್ಷಿಣದಲ್ಲಿ ಉಳಿದ ದಾಸ್ತಾನು ಬರೀ ಬಣ್ಣದ ಚೂರಾಯಿತು. ಬಂದರುಗಳಿಗೆ ದಿಗ್ಬಂಧನ ಬಿದ್ದು ಕಾಗದವೂ ಸಿಗದಂತಾಯಿತು. ಜನ ಗೋಡೆಗೆ ಅಂಟಿಸುವ ಬಣ್ಣದ ಕಾಗದದ ಹಿಂಬದಿಯಲ್ಲಿ ಬರೆದರು. ಬಂದ ಲಕೋಟೆಯನ್ನು ಬಿಡಿಸಿ, ಒಳಮೈ ಹೊರಗೆ ಮಾಡಿ ಮತ್ತೆ ಅಂಟಿಸಿದರು. ಹಾಳೆ ತುಂಬಿದ ಮೇಲೆ ಅದನ್ನೇ ಅಡ್ಡ ತಿರುಗಿಸಿ, ಬರೆದದ್ದರ ಮೇಲೇ ಬರೆದರು. ಅಂಥ ಹಾಳೆ ನೋಡಿದರೆ ಜಾಲರಿಯ ಹಾಗೆ ಕಾಣುತ್ತದೆ. ಅದನ್ನೂ ಮನೆಯವರು ಬಿಡಿಸಿ ಓದುತ್ತಿದ್ದರು, ದೀಪದ ಬೆಳಕಿನಲ್ಲಿ.

ಪಾಳೆಯದ ದಿನಚರಿಯಲ್ಲಿ ಯುದ್ಧಕ್ಕಿಂತ ಕಾಯುವುದೇ ಜಾಸ್ತಿ. ಬೆಳಗ್ಗೆ ಕಹಳೆಗೆ ಏಳುವುದು, ಹಾಜರಿ, ಕವಾಯತು, ಊಟ, ಮತ್ತೆ ಕವಾಯತು. ಚಳಿಗಾಲದಲ್ಲಿ ಸೈನ್ಯ ಒಂದೇ ಕಡೆ ತಿಂಗಳುಗಟ್ಟಲೆ ನಿಲ್ಲುತ್ತಿತ್ತು. ಆಗ ನಾಲ್ಕು ಜನ ಸೇರಿ ಮರದ ದಿಮ್ಮಿ ಜೋಡಿಸಿ, ಸಂದಿಗೆ ಮಣ್ಣು ಮೆತ್ತಿ ಗುಡಿಸಲು ಕಟ್ಟುತ್ತಿದ್ದರು. ಮಾಡಿಗೆ ಡೇರೆಯ ಬಟ್ಟೆ. ಹೊಗೆ ಹೋಗಲು ತಳ ತೆಗೆದ ಪೀಪಾಯಿ. ಅದಕ್ಕೆ ಆಗಾಗ ಬೆಂಕಿ ಹತ್ತಿಕೊಂಡು ಇಡೀ ಸಾಲಿನವರೆಲ್ಲ ಓಡಿಬರುತ್ತಿದ್ದರು.

ಊಟದ ದೂರು ಇಲ್ಲದ ಕಾಗದ ಕಡಿಮೆ. ಉತ್ತರದವರಿಗೆ ಹಾರ್ಡ್‌ಟ್ಯಾಕ್ ಎಂಬ ಬಿಸ್ಕೆಟ್ ಕೊಡುತ್ತಿದ್ದರು. ಬರೀ ಹಿಟ್ಟು, ನೀರಿನದು, ಕಲ್ಲಿನಷ್ಟು ಗಟ್ಟಿ. ಸೈನಿಕರು ಅದಕ್ಕೆ ‘ಹುಳದ ಕೋಟೆ’ ಎಂದು ಹೆಸರಿಟ್ಟಿದ್ದರು. ಬಿಸಿ ಕಾಫಿಗೆ ಹಾಕಿದರೆ ಬಿಸ್ಕೆಟ್ ಮೆತ್ತಗಾಗುತ್ತದೆ, ಹುಳ ಮೇಲೆ ತೇಲುತ್ತದೆ. ಹುಳ ತೆಗೆದು ಕುಡಿಯುವುದು. ಜೊತೆಗೆ ಉಪ್ಪು ಹಾಕಿಟ್ಟ ಹಂದಿಮಾಂಸ, ಬೀನ್ಸ್ ಕಾಳು. ಕಾಫಿ ಮಾತ್ರ ಧಾರಾಳ: ವರ್ಷಕ್ಕೆ ತಲೆಗೆ ಸುಮಾರು 36 ಪೌಂಡ್, ಅಂದರೆ 16 ಕಿಲೋ. ನಾಲ್ಕೈದು ಜನರ ಮನೆಗೆ ಅಷ್ಟು ಪುಡಿ ಎಷ್ಟು ತಿಂಗಳು ಬರುತ್ತದೆ ಅಂತ ಕಾಫಿ ಕುಡಿಯುವ ನಮಗೆ ಗೊತ್ತಲ್ವಾ? ದಕ್ಷಿಣದವರು ಕಾಫಿ ಸಿಗದೆ ಚಿಕೋರಿ, ಕಡಲೆಕಾಯಿ, ಗೆಣಸು ಹುರಿದು ಕುದಿಸುತ್ತಿದ್ದರು. ಆದರೆ ಅವರ ಹತ್ತಿರ ಹೊಗೆಸೊಪ್ಪು ಇತ್ತು. ವರ್ಜೀನಿಯಾದ ರಾಪಹಾನಕ್ ನದಿಯ ಎರಡು ದಡದಲ್ಲಿ ಬೀಡುಬಿಟ್ಟಿದ್ದಾಗ ಕಾವಲಿನವರು ಪುಟ್ಟ ಆಟಿಕೆ ದೋಣಿ ಮಾಡಿ, ಈಚೆಯಿಂದ ಕಾಫಿ, ಆಚೆಯಿಂದ ಹೊಗೆಸೊಪ್ಪು ತೇಲಿಬಿಟ್ಟರು. ಮೇಲಿನವರು ಬೇಡ ಎಂದರೂ ನಿಲ್ಲಲಿಲ್ಲ.

ಕಾಯಿಲೆಯ ಸುದ್ದಿ ಓದುವಾಗ ಮಾತ್ರ ಕೈ ನಿಲ್ಲುತ್ತದೆ. ಈ ಯುದ್ಧದಲ್ಲಿ ಸತ್ತವರು 6 ಲಕ್ಷ 20 ಸಾವಿರ ಎಂಬುದು ಬಹುಕಾಲದ ಲೆಕ್ಕ, ಈಚಿನ ಅಂದಾಜು 7.5 ಲಕ್ಷದ ಹತ್ತಿರ. ಮೂರರಲ್ಲಿ ಎರಡು ಪಾಲು ಸತ್ತದ್ದು ಕಾಯಿಲೆಯಿಂದ. ಹಳ್ಳಿಯ ಹುಡುಗರಿಗೆ ದಡಾರ ಮೊದಲೇ ಬಂದುಹೋಗಿರಲಿಲ್ಲ, ಪಾಳೆಯಕ್ಕೆ ಬಂದೊಡನೆ ಸಾಲಾಗಿ ಮಲಗಿದರು. ಕಕ್ಕಸಿನ ಗುಂಡಿ ಕುಡಿಯುವ ನೀರಿನ ಪಕ್ಕದಲ್ಲೇ ಇರುತ್ತಿತ್ತು. ಭೇದಿ, ಆಮಶಂಕೆ, ಟೈಫಾಯಿಡ್. ರೋಗಾಣುವಿನ ವಿಷಯ ವೈದ್ಯರಿಗೇ ತಿಳಿದಿರಲಿಲ್ಲ. ಬರೆಯಲಾಗದವರ ಪರವಾಗಿ ಬೇರೆಯವರು ಬರೆದರು. ಕವಿ ವಾಲ್ಟ್ ವಿಟ್ಮನ್ ಗಾಯಗೊಂಡ ತಮ್ಮನನ್ನು ಹುಡುಕಿಕೊಂಡು 1862ರ ಡಿಸೆಂಬರಿನಲ್ಲಿ ಹೊರಟವರು, ಆಮೇಲೆ ವಾಷಿಂಗ್ಟನ್ನಿನ ಆಸ್ಪತ್ರೆಗಳಲ್ಲಿ ಹಾಸಿಗೆಯಿಂದ ಹಾಸಿಗೆಗೆ ಹೋಗಿ ಕೂತು ಕಾಗದ ಬರೆದುಕೊಟ್ಟರು.

ಕಾಗದದ ಜೊತೆ ದುಡ್ಡೂ ಹೋಗಬೇಕಿತ್ತು. ಉತ್ತರದ ಸಿಪಾಯಿಗೆ ತಿಂಗಳಿಗೆ 13 ಡಾಲರ್. ಲಕೋಟೆಯಲ್ಲಿಟ್ಟ ನೋಟು ದಾರಿಯಲ್ಲಿ ಕಳುವಾಗುತ್ತಿತ್ತು. ಅಮೆರಿಕದ ಅಂಚೆ 1864ರ ನವೆಂಬರಿನಲ್ಲಿ ಮನಿ ಆರ್ಡರ್ ಶುರುಮಾಡಿದ್ದಕ್ಕೆ ಈ ಸೈನಿಕರೇ ಮುಖ್ಯ ಕಾರಣ.

ಆದರೆ ಆ 13 ಡಾಲರ್ ಎಲ್ಲರಿಗೂ ಇರಲಿಲ್ಲ. ಉತ್ತರದ ಸೈನ್ಯದಲ್ಲಿ ಸುಮಾರು 1 ಲಕ್ಷ 80 ಸಾವಿರ ಕಪ್ಪು ಸೈನಿಕರಿದ್ದರು. ಅವರಿಗೆ 10 ಡಾಲರ್, ಅದರಲ್ಲೂ ಬಟ್ಟೆಗೆಂದು 3 ಡಾಲರ್ ಕಡಿತ. 54ನೇ ಮ್ಯಾಸಚೂಸೆಟ್ಸ್ ರೆಜಿಮೆಂಟಿನವರು ಸಂಬಳವನ್ನೇ ಮುಟ್ಟಲಿಲ್ಲ. ಅದರ ಕಾರ್ಪೊರಲ್ ಜೇಮ್ಸ್ ಹೆನ್ರಿ ಗುಡಿಂಗ್ 1863ರ ಸೆಪ್ಟೆಂಬರ್ 28ರಂದು ನೇರವಾಗಿ ಅಧ್ಯಕ್ಷ ಲಿಂಕನ್‌ಗೇ ಕಾಗದ ಬರೆದರು. ನಾವು ಸೈನಿಕರೋ ಅಥವಾ ಕೂಲಿಗಳೋ ಎಂದು ಕೇಳಿದರು. ಸಮಾನ ಸಂಬಳದ ಕಾನೂನು ಬಂದದ್ದು 1864ರ ಜೂನ್‌ನಲ್ಲಿ. ಗುಡಿಂಗ್ ಅಷ್ಟರಲ್ಲಿ ಯುದ್ಧದಲ್ಲಿ ದಕ್ಷಿಣದವರಿಗೆ ಸೆರೆಸಿಕ್ಕಿದ್ದರು, ಮರು ತಿಂಗಳೇ ಅವರ ಆಂಡರ್ಸನ್‌ವಿಲ್ ಸೆರೆಮನೆಯಲ್ಲಿ ತೀರಿಕೊಂಡರು.

ಗುಲಾಮರಾಗಿದ್ದವರಿಗೆ ಅಕ್ಷರ ಕಲಿಸುವುದೇ ದಕ್ಷಿಣದ ಹಲವು ರಾಜ್ಯಗಳಲ್ಲಿ ಅಪರಾಧವಾಗಿತ್ತು. ಹಾಗಾಗಿ ಪಾಳೆಯದಲ್ಲಿ ಕಾಗುಣಿತ ಕಲಿತವರು ಎಷ್ಟೋ ಜನ. ಸ್ಪಾಟ್ಸ್‌ವುಡ್ ರೈಸ್ ಎಂಬ ಸೈನಿಕ 1864ರ ಸೆಪ್ಟೆಂಬರಿನಲ್ಲಿ ಸೇಂಟ್ ಲೂಯಿಸ್‌ನ ಆಸ್ಪತ್ರೆಯಿಂದ ಇನ್ನೂ ಗುಲಾಮಗಿರಿಯಲ್ಲಿದ್ದ ತನ್ನ ಹೆಣ್ಣುಮಕ್ಕಳಿಗೆ ಬರೆದ ಕಾಗದ ಉಳಿದಿದೆ. ನಾನು ಮರೆತಿಲ್ಲ, ಜೀವ ಹೋದರೂ ಸರಿ, ನಿಮ್ಮನ್ನು ಬಿಡಿಸಿಕೊಳ್ಳುತ್ತೇನೆ ಎನ್ನುತ್ತಾನೆ. ಮಗಳನ್ನು ಇಟ್ಟುಕೊಂಡ ಒಡತಿಗೂ ಬೇರೆ ಕಾಗದ ಬರೆದ, ಸೈನ್ಯದ ಜೊತೆ ಬರುತ್ತಿದ್ದೇನೆ ಎಂದು. ಇಂಥ ಕಾಗದವನ್ನು ಅದಕ್ಕೆ ನಾಲ್ಕು ವರ್ಷ ಮೊದಲು ಯಾರೂ ಊಹಿಸಲಾರರು.

ಹೀಗೆ ಬಿಚ್ಚಿ ಬರೆಯುವ ಬಾಗಿಲು ಹೆಚ್ಚು ಕಾಲ ತೆರೆದಿರಲಿಲ್ಲ. ಇದೇ ಯುದ್ಧದಲ್ಲೇ ಕೈದಿಗಳ ಕಾಗದಕ್ಕೆ ನಿರ್ಬಂಧವಿತ್ತು: ಒಂದೇ ಪುಟ, ಲಕೋಟೆ ಅಂಟಿಸುವಂತಿಲ್ಲ, ಓದಿಯೇ ಕಳಿಸುವುದು. ಮೊದಲ ಮಹಾಯುದ್ಧದ ಹೊತ್ತಿಗೆ ಎಲ್ಲ ಸೈನಿಕರಿಗೂ ಇದೇ ಗತಿ. 1914ರಲ್ಲಿ ಭಾರತದ ಸಿಪಾಯಿಗಳು ಫ್ರಾನ್ಸಿನ ಕಂದಕಗಳಿಗೆ ಹೋದಾಗ ಅವರ ಕಾಗದಗಳನ್ನು ಓದಲೆಂದೇ ಒಂದು ಕಚೇರಿ ಇತ್ತು. ಸಿಪಾಯಿಗಳಿಗೆ ಅದು ಗೊತ್ತಿತ್ತು. ಅವರು ಮನೆಗೆ ಮೆಣಸಿನ ಮಾತು ಬರೆದರು. ಇಂಡಿಯಾದಿಂದ ಬಂದ ಕರಿಮೆಣಸು ಮುಗಿಯುತ್ತಾ ಬಂತು, ಈಗ ಕೆಂಪು ಮೆಣಸು ಹಾಕುತ್ತಿದ್ದಾರೆ ಎಂದು. ಕರಿಮೆಣಸು ಅಂದರೆ ನಮ್ಮವರು, ಕೆಂಪು ಅಂದರೆ ಬಿಳಿಯರು.