ಕಡಲಾಚೆಯ ಮಿಷನ್ ಶಾಲೆ: ಮೇಷ್ಟ್ರ ಸಂಬಳ ಯಾರ ಲೆಕ್ಕಕ್ಕೆ?

ಹೊರದೇಶದ ಕ್ರೈಸ್ತ ಶಾಲೆಗೆ ಗಣಿತವನ್ನೋ ರಸಾಯನಶಾಸ್ತ್ರವನ್ನೋ ಕಲಿಸಲು ಹೋಗುವ ಮಿಷನರಿ ಶಿಕ್ಷಕರಿಗೆ ಎಷ್ಟೋ ಕಡೆ ಶಾಲೆ ಸಂಬಳ ಕೊಡುವುದಿಲ್ಲ. ಹೊರಡುವ ಮೊದಲೇ ಆ ಹಣವನ್ನು ಅವರೇ ಹೊಂದಿಸಿಕೊಳ್ಳಬೇಕು. ಹೊರಗಿನವರಿಗೆ ಇದು ವಿಚಿತ್ರ ಅನ್ನಿಸಬಹುದು. ಒಳಗಿನವರಿಗೆ ಎಷ್ಟು ರೂಢಿಯಾಗಿದೆಯೆಂದರೆ ಯಾರೂ ಪ್ರಶ್ನೆ ಎತ್ತುವುದಿಲ್ಲ. ಈಗ ಆ ಪ್ರಶ್ನೆಯನ್ನು ವೀಸಾ ಕಚೇರಿ, ತೆರಿಗೆ ಇಲಾಖೆ, ಕಾರ್ಮಿಕ ಕಾನೂನುಗಳು ಒಂದೊಂದು ದಿಕ್ಕಿನಿಂದ ಎತ್ತುತ್ತಿವೆ: ಈ ಮನುಷ್ಯ ಯಾರ ನೌಕರ?

ಮೊದಲಿಗೆ ಉತ್ತರ ಸರಳವಾಗಿತ್ತು. ಕಳಿಸಿದ ಸಂಘವೇ ಸಾಕುತ್ತಿತ್ತು. 1833ರ ಚಾರ್ಟರ್ ಕಾಯ್ದೆಯಿಂದ ಬ್ರಿಟಿಷರಲ್ಲದ ಮಿಷನರಿಗಳಿಗೂ ಭಾರತದ ಬಾಗಿಲು ತೆರೆಯಿತು. ಮರುವರ್ಷವೇ ಬಾಸೆಲ್ ಮಿಷನ್ನಿನ ಮೂವರು ಮಂಗಳೂರಿಗೆ ಬಂದಿಳಿದರು. ಎರಡು ವರ್ಷದೊಳಗೆ ಅಲ್ಲಿ ಕನ್ನಡ ಶಾಲೆ ಎದ್ದಿತು. ಇವರ ಊಟ, ಬಟ್ಟೆ, ಮನೆ, ಪ್ರಯಾಣ ಎಲ್ಲವೂ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿದ್ದ ಸಮಿತಿಯ ಖರ್ಚು. ಅದಕ್ಕೆ ತಕ್ಕ ಬೆಲೆಯೂ ಇತ್ತು: ಸಮಿತಿಯ ಅನುಮತಿ ಇಲ್ಲದೆ ಮದುವೆಯಾಗುವಂತೆಯೂ ಇರಲಿಲ್ಲ. ಸಾಕುವವರು ಒಬ್ಬರೇ, ಆಳುವವರೂ ಅವರೇ.

ಬ್ರಿಟಿಷ್ ಭಾರತದ ಶಿಕ್ಷಣ ನೀತಿಯನ್ನು ಹೇಳಿದ 1854ರ ವುಡ್ ಸುತ್ತೋಲೆ ಇದಕ್ಕೆ ಇನ್ನೊಬ್ಬ ಪಾಲುದಾರನನ್ನು ಸೇರಿಸಿತು. ಸರ್ಕಾರ ಖಾಸಗಿ ಶಾಲೆಗಳಿಗೆ ಅನುದಾನ ಕೊಡಲು ಒಪ್ಪಿತು, ಕೆಲವು ಷರತ್ತು ಹಾಕಿ: ಲೌಕಿಕ ವಿಷಯಗಳ ಪಾಠ ಚೆನ್ನಾಗಿರಬೇಕು, ಇನ್ಸ್‌ಪೆಕ್ಟರ್ ಬಂದರೆ ಬಾಗಿಲು ತೆರೆಯಬೇಕು, ಮಕ್ಕಳಿಂದ ಅಲ್ಪಸ್ವಲ್ಪವಾದರೂ ಶುಲ್ಕ ತೆಗೆದುಕೊಳ್ಳಬೇಕು. ಧರ್ಮಬೋಧೆಯ ಗೊಡವೆಗೆ ಇನ್ಸ್‌ಪೆಕ್ಟರ್ ಹೋಗುವಂತಿಲ್ಲ. ಮಿಷನ್‌ಗಳಿಗೆ ಇದು ಅನುಕೂಲವೇ ಆಯಿತು. ಆದರೆ ಬೈಬಲ್ ಕಲಿಸಲು ಬಂದವರ ಹಗಲಿನ ಬಹುಭಾಗ ಹಾಜರಿ ಪುಸ್ತಕ, ಫಲಿತಾಂಶ, ಅನುದಾನದ ಅರ್ಜಿಗಳಲ್ಲೇ ಕಳೆಯತೊಡಗಿತು. ಶಾಲೆ ಧರ್ಮಪ್ರಚಾರಕ್ಕೋ, ವಿದ್ಯಾದಾನಕ್ಕೋ ಎಂಬ ಜಗಳ ಮಿಷನ್‌ಗಳ ಒಳಗೇ ಹುಟ್ಟಿದ್ದು ಆಗ. ಅದು ಇನ್ನೂ ತೀರಿಲ್ಲ.

ಮುಂದಿನ ನೂರು ವರ್ಷವನ್ನು ಒಂದೇ ಉಸಿರಿನಲ್ಲಿ ಹೇಳಿಬಿಡಬಹುದು. ಮಹಾಯುದ್ಧದಲ್ಲಿ ಜರ್ಮನ್ ಮಿಷನರಿಗಳು ಬಂಧನ ಶಿಬಿರ ಸೇರಿದರು. 1949ರ ಕ್ರಾಂತಿಯ ನಂತರ ಚೀನಾ, 1953ರ ಬಂಟು ಶಿಕ್ಷಣ ಕಾಯ್ದೆಯ ನಂತರ ದಕ್ಷಿಣ ಆಫ್ರಿಕಾ, 1960ರ ಹೊತ್ತಿಗೆ ಸಿಲೋನ್, 1970ರಲ್ಲಿ ಪೂರ್ವ ನೈಜೀರಿಯಾ, ಹೀಗೆ ಒಂದಾದ ಮೇಲೊಂದು ಕಡೆ ಮಿಷನ್ ಶಾಲೆಗಳು ಸರ್ಕಾರದ ಹಿಡಿತಕ್ಕೆ ಹೋದವು. ಭಾರತದಲ್ಲಿ ಅಲ್ಪಸಂಖ್ಯಾತರಿಗೆ ಶಾಲೆ ನಡೆಸುವ ಹಕ್ಕು ಕೊಡುವ ಸಂವಿಧಾನದ 30ನೇ ವಿಧಿಯ ಆಸರೆಯಲ್ಲಿ ಶಾಲೆಗಳು ಉಳಿದುಕೊಂಡವು, ಆಡಳಿತ ಮಾತ್ರ ಇಲ್ಲಿನ ಕ್ರೈಸ್ತ ಸಭೆಗಳ (ಚರ್ಚ್‌ಗಳ) ಕೈಗೆ ಬಂತು.

ಹಾಗಾದರೆ ಕಡಲಾಚೆಗೆ ಹೋಗುವ ಶಿಕ್ಷಕರು ಎಲ್ಲಿಗೆ ಹೋದರು? ಅನೇಕರು ಮಿಷನರಿಗಳ ಮಕ್ಕಳಿಗಾಗಿಯೇ ಇದ್ದ ವಸತಿ ಶಾಲೆಗಳಿಗೆ. ಅಂಥವು ಮೊದಲೇ ಇದ್ದವು: ಚೀನಾದ ಚೀಫೂನಲ್ಲಿ 1881ರಿಂದ, ಕೊಡೈಕೆನಾಲ್‌ನಲ್ಲಿ 1901ರಿಂದ, ಕೆನ್ಯಾದ ಕಿಜಾಬೆಯಲ್ಲಿ 1906ರಿಂದ. ಅಪ್ಪ ಅಮ್ಮ ಒಳನಾಡಿನಲ್ಲಿ, ಆರೇಳು ವರ್ಷದ ಮಗು ಹಾಸ್ಟೆಲಿನಲ್ಲಿ. ಆ ಪದ್ಧತಿ ಮಕ್ಕಳಿಗೆ ಏನು ಮಾಡಿತು ಎಂಬುದರ ವಿಚಾರಣೆಗಳು ಹಲವು ದಶಕ ತಡವಾಗಿ ನಡೆದವು. ಇಂದು ಶಿಕ್ಷಕರ ಅರ್ಜಿಗೆ ಪೊಲೀಸ್ ತಪಾಸಣೆಯ ಪತ್ರ, ಮಕ್ಕಳ ಸುರಕ್ಷತೆಯ ತರಬೇತಿ ಕಡ್ಡಾಯವಾಗಿರುವುದರ ಹಿಂದೆ ಆ ವಿಚಾರಣೆಗಳಿವೆ.

ಚೀಫೂ ಶಾಲೆಯನ್ನು ನಡೆಸುತ್ತಿದ್ದುದು 1865ರಲ್ಲಿ ಹಡ್ಸನ್ ಟೇಲರ್ ಕಟ್ಟಿದ ಚೈನಾ ಇನ್‌ಲ್ಯಾಂಡ್ ಮಿಷನ್. ನಿಗದಿತ ಸಂಬಳ ಇಲ್ಲ, ಯಾರ ಬಳಿಯೂ ಹಣ ಕೇಳುವಂತಿಲ್ಲ, ದೇವರು ಕೊಟ್ಟಷ್ಟು ಹಂಚಿಕೊಳ್ಳುವುದು ಎಂಬುದು ಅದರ ನಿಯಮ. ತಿಂಗಳಿಗೆ ಇಷ್ಟು ಕೊಡುತ್ತೇವೆಂದು ದಾನಿಗಳಿಂದ ಮಾತು ಪಡೆಯುವ ಇಂದಿನ ವಾಗ್ದಾನ ಪದ್ಧತಿ ತನ್ನ ವಂಶಾವಳಿಯನ್ನು ಇಲ್ಲಿಂದಲೇ ಹೇಳಿಕೊಳ್ಳುತ್ತದೆ. ವ್ಯತ್ಯಾಸವೊಂದೇ: ಅಲ್ಲಿ ಕೇಳಬಾರದಿತ್ತು, ಇಲ್ಲಿ ಕೇಳುವುದು ಹೇಗೆಂದು ತರಬೇತಿಯೇ ಇದೆ.

ಕ್ರಮ ಹೀಗೆ. ಶಾಲೆ ಹುದ್ದೆ ಕೊಡುತ್ತದೆ, ಕಳಿಸುವ ಸಂಸ್ಥೆ ಅಭ್ಯರ್ಥಿಯನ್ನು ಒಪ್ಪಿಕೊಳ್ಳುತ್ತದೆ. ನಂಬಿಕೆಯ ಹೇಳಿಕೆಗೆ ಸಹಿ, ಪಾದ್ರಿಯ ಶಿಫಾರಸು, ವೈದ್ಯಕೀಯ ಮತ್ತು ಮಾನಸಿಕ ಪರೀಕ್ಷೆ ಆದ ಮೇಲೆ ಸಂಸ್ಥೆ ಒಂದು ಬಜೆಟ್ ಹಾಳೆ ಕೈಗಿಡುತ್ತದೆ. ಅದರಲ್ಲಿ ಬಾಡಿಗೆ, ಊಟ, ಆರೋಗ್ಯ ವಿಮೆ, ಪಿಂಚಣಿ, ವಿಮಾನದ ಟಿಕೆಟ್, ಸ್ವಂತ ಮಕ್ಕಳ ಶುಲ್ಕ. ಇವುಗಳ ಜೊತೆಗೆ ಸಂಸ್ಥೆಯ ಆಡಳಿತ ವೆಚ್ಚ, ಸಾಮಾನ್ಯವಾಗಿ ಬಂದ ಹಣದ ಶೇ. 10ರಿಂದ 15. ಉದಾಹರಣೆಗೆ, ಒಟ್ಟು ತಿಂಗಳಿಗೆ 3,000 ಡಾಲರ್ ಬೇಕೆಂದಿಟ್ಟುಕೊಳ್ಳಿ. ಒಬ್ಬೊಬ್ಬರು 50 ಡಾಲರ್ ಒಪ್ಪಿಕೊಂಡರೆ 60 ದಾನಿಗಳು ಬೇಕು. 60 ಜನ ಹೂಂ ಎನ್ನಬೇಕಾದರೆ ಅದಕ್ಕಿಂತ ಎಷ್ಟೋ ಹೆಚ್ಚು ಮಂದಿಯ ಮುಂದೆ ಕುಳಿತು ಮಾತಾಡಬೇಕು. ವಾಗ್ದಾನ ಪೂರ್ತಿ, ಅಥವಾ ಹೆಚ್ಚುಕಡಿಮೆ ಪೂರ್ತಿ, ಆಗುವ ತನಕ ಸಂಸ್ಥೆ ಟಿಕೆಟ್‌ಗೆ ಒಪ್ಪಿಗೆ ಕೊಡುವುದಿಲ್ಲ.

ತೊಡಕು ಶುರುವಾಗುವುದು ಇಲ್ಲಿಯೇ. ಶಾಲೆಗೆ ಭೌತಶಾಸ್ತ್ರದ ಶಿಕ್ಷಕ ಆಗಸ್ಟ್‌ಗೆ ಬೇಕು; ವಾಗ್ದಾನ ಕೂಡುವುದಕ್ಕೆ ಒಂದು ವರ್ಷ, ಒಮ್ಮೊಮ್ಮೆ ಎರಡು ವರ್ಷ. ಅಷ್ಟರವರೆಗೆ ಜೀವಶಾಸ್ತ್ರದವರು ಎರಡೂ ತರಗತಿ ಎಳೆಯುತ್ತಾರೆ. ಹೊಸ ಊರಿನಲ್ಲಿ ಸಭೆ ಸ್ಥಾಪಿಸುತ್ತೇನೆ ಎಂದವರಿಗೆ ದಾನಿಗಳು ಬೇಗ ಸಿಗುತ್ತಾರೆ. ಮಿಷನರಿಗಳ ಮಕ್ಕಳಿಗೆ ಕ್ಯಾಲ್ಕುಲಸ್ ಕಲಿಸುತ್ತೇನೆ ಎಂದವರನ್ನು ‘ಅದಕ್ಕೆ ಮಿಷನರಿಯೇ ಯಾಕೆ?’ ಎಂದು ಕೇಳುತ್ತಾರೆ. ದಾನಿಗಳಿಗೆ ಆಗಾಗ ಕಳಿಸುವ ಪ್ರಾರ್ಥನಾ ಪತ್ರದಲ್ಲಿ ಬರೆಯುವುದಕ್ಕೂ ಶಿಕ್ಷಕರ ಬಳಿ ಅಂಥ ಸುದ್ದಿ ಇರುವುದಿಲ್ಲ. ಪರೀಕ್ಷೆ ಮುಗಿಯಿತು, ಮೌಲ್ಯಮಾಪನ ನಡೆದಿದೆ ಎಂಬುದನ್ನು ಎಷ್ಟು ಸಲ ಬರೆಯುವುದು?

ಹೋದ ಮೇಲೆ ಸವಕಳಿ. ದಾನಿಗಳಿಗೆ ವಯಸ್ಸಾಗುತ್ತದೆ, ಕೆಲಸ ಹೋಗುತ್ತದೆ, ಸಭೆಗೆ ಹೊಸ ಪಾದ್ರಿ ಬಂದು ಆದ್ಯತೆ ಬದಲಾಗುತ್ತದೆ. 60 ಜನರಲ್ಲಿ 10 ಮಂದಿ ಬಿಟ್ಟರೆ ತಿಂಗಳಿಗೆ 500 ಡಾಲರ್ ಕೊರತೆ. ವಿನಿಮಯ ದರ ಎದುರು ತಿರುಗಿದರೆ ಯಾರೂ ಬಿಡದೆಯೂ ಕೊರತೆ. ಲೆಕ್ಕ ಒಂದು ಮಿತಿಗಿಂತ ಕೆಳಗಿಳಿದರೆ ಸಂಸ್ಥೆ ಊರಿಗೆ ಕರೆಸಿಕೊಳ್ಳುತ್ತದೆ, ಅದು ಶಾಲಾ ವರ್ಷದ ನಡುವೆ ಬಿದ್ದರೂ ಸರಿ. ಎರಡು ವರ್ಷದ ಅಲ್ಪಾವಧಿ ಶಿಕ್ಷಕರದ್ದು ಬೇರೆ ಕಥೆ. ಮೊದಲ ವರ್ಷ ಪಠ್ಯಕ್ರಮ, ಊರು, ಸೆಖೆ, ಹಾಸ್ಟೆಲ್ ಸರದಿ ಇವಕ್ಕೆ ಹೊಂದಿಕೊಳ್ಳುವುದರಲ್ಲಿ ಹೋಗುತ್ತದೆ. ಎರಡನೆಯ ವರ್ಷದ ನಡುವಿಗೆ ಅವರ ಜಾಗಕ್ಕೆ ಜಾಹೀರಾತು ಬಿದ್ದಿರುತ್ತದೆ.

ಇದೆಲ್ಲದರ ಲಾಭ ಶಾಲೆಗಳಿಗೆ ಆಗಿದೆ ಎಂಬುದನ್ನು ಮುಚ್ಚಿಡುವಂತಿಲ್ಲ. ಕಡಲಾಚೆಯಿಂದ ಬಂದ ಶಿಕ್ಷಕರಿಗೆ ಸಂಬಳ ಕೊಡಬೇಕಿಲ್ಲದ್ದರಿಂದ ಶುಲ್ಕವನ್ನು ಮಿಷನರಿ ಕುಟುಂಬಗಳಿಗೆ ಎಟುಕುವಷ್ಟು ಇಳಿಸಿಡಲು ಸಾಧ್ಯವಾಯಿತು. ಆದರೆ ಅಂಥ ಒಬ್ಬರು ಬಿಟ್ಟುಹೋಗಿ ಆ ಜಾಗಕ್ಕೆ ಸಂಬಳದವರನ್ನು ತಂದ ದಿನ, ಪಾಠದ ನಿಜವಾದ ಬೆಲೆ ಶಾಲೆಗೆ ತಿಳಿಯುತ್ತದೆ. ಒಂದೇ ಸ್ಟಾಫ್ ರೂಮಿನಲ್ಲಿ ಅಕ್ಕಪಕ್ಕದ ಮೇಜಿನವರ ಸಂಬಳ, ವಿಮೆ, ರಜೆ ಬೇರೆ ಬೇರೆ, ಏಕೆಂದರೆ ಒಬ್ಬೊಬ್ಬರನ್ನು ಒಂದೊಂದು ಸಂಸ್ಥೆ ಕಳಿಸಿದೆ. ಅದೇ ಕೋಣೆಯಲ್ಲಿ ಸ್ಥಳೀಯ ಶಿಕ್ಷಕರು ಶುಲ್ಕದ ಹಣದಿಂದ ಬರುವ ಸಂಬಳಕ್ಕೆ ಅಷ್ಟೇ ಪೀರಿಯಡ್ ತೆಗೆದುಕೊಳ್ಳುತ್ತಾರೆ. ಅವರಿಗೆ ಪ್ರಾರ್ಥನಾ ಪತ್ರ ಬರೆಯಲು ದೂರದೇಶದ ದಾನಿಗಳಿಲ್ಲ, ವೇತನ ಹೆಚ್ಚಳ ಕೇಳಿದರೆ ‘ಇದು ಸೇವೆ’ ಎಂಬ ಉತ್ತರ ಸಿಗುತ್ತದೆ.

ಈಗ ಒತ್ತಡ ಕಾಗದಪತ್ರದಿಂದ ಬರುತ್ತಿದೆ. ಕೆಲಸದ ಪರವಾನಗಿ ಕೇಳುವ ಎಷ್ಟೋ ದೇಶಗಳು ಸಂಬಳ ನಮೂದಾದ ನೇಮಕಾತಿ ಪತ್ರ ಕೇಳುತ್ತವೆ. ಹಣ ಹೊರಗಿನಿಂದ ಬರುತ್ತದೆ ಎಂಬ ಚೀಟಿ ಅಲ್ಲಿ ನಡೆಯುವುದಿಲ್ಲ. ಭಾರತದಂಥ ಕಡೆ ಮಿಷನರಿ ವೀಸಾ ಎಂಬ ವರ್ಗವೇ ಪ್ರತ್ಯೇಕ. ವಿದ್ಯಾರ್ಥಿಗಳೂ ಬದಲಾಗಿದ್ದಾರೆ: ಮನೆಯಲ್ಲೇ ಓದಿಸುವುದು ಮತ್ತು ಆನ್‌ಲೈನ್ ತರಗತಿಗಳು ಬಂದ ಮೇಲೆ ಪಾಶ್ಚಾತ್ಯ ಮಿಷನರಿಗಳ ಅನೇಕ ಮಕ್ಕಳು ಹಾಸ್ಟೆಲ್ ಬಿಟ್ಟರು, ಖಾಲಿ ಬೆಂಚಿಗೆ ಕೊರಿಯಾದ ಮಿಷನರಿಗಳ ಮಕ್ಕಳು, ಸ್ಥಳೀಯ ಉದ್ಯಮಿಗಳ ಮಕ್ಕಳು ಬಂದರು. ಪೂರ್ತಿ ಶುಲ್ಕ ಕಟ್ಟುವ ಉದ್ಯಮಿಯ ಮಗನಿಗೆ ಪಾಠ ಹೇಳಲು ತಾನೇಕೆ ತಿಂಗಳಿಗೆ 50 ಡಾಲರ್ ಕೊಡಬೇಕು ಎಂದು ದಾನಿ ಕೇಳಿದರೆ ಉತ್ತರ ಹುಡುಕುವುದು ಕಷ್ಟ.

ಕೆಲವು ಶಾಲೆಗಳು ಮನೆ ಮತ್ತು ಒಂದಿಷ್ಟು ಭತ್ಯೆಯನ್ನು ತಾವೇ ಕೊಟ್ಟು, ಉಳಿದದ್ದನ್ನು ವಾಗ್ದಾನಕ್ಕೆ ಬಿಟ್ಟಿವೆ. ಇದರಿಂದ ಬೇಕಾಗುವ ದಾನಿಗಳ ಸಂಖ್ಯೆ ಇಳಿಯುತ್ತದೆ, ಪರವಾನಗಿಗೆ ತೋರಿಸಲು ಪತ್ರವೂ ಸಿಗುತ್ತದೆ. ಆದರೆ ಶಾಲೆ ಇರುವ ದೇಶ ಸಾಮಾನ್ಯವಾಗಿ ಆ ಭತ್ಯೆಯನ್ನು ವರಮಾನವೆಂದು ಹಿಡಿಯುತ್ತದೆ, ಕೆಲವೆಡೆ ಉಚಿತ ಮನೆಯನ್ನೂ. ಹಾಗಾಗಿ ಹೊಸ ಒಪ್ಪಂದಗಳಿಗೆ ಸಹಿ ಹಾಕುವವರು ಮೂರು ಸಾಲುಗಳನ್ನು ಮೊದಲು ಹುಡುಕಿ ಓದುತ್ತಾರೆ: ತೆರಿಗೆ ಯಾರ ತಲೆಗೆ, ವಾಗ್ದಾನ ಕುಸಿದರೆ ವರ್ಷಾಂತ್ಯದವರೆಗಿನ ಖರ್ಚು ಯಾರದ್ದು, ನಡುವೆ ಕಾಯಿಲೆ ಬಿದ್ದು ಹೊರಡಬೇಕಾದರೆ ಟಿಕೆಟ್ ಯಾರು ಕೊಡಿಸುತ್ತಾರೆ.