ಬಿ, ಐ, ಯು ಮತ್ತು ಪದೇಪದೇ ಕೆಲಸ ಬದಲಿಸಿದ ಎಸ್

ಇಂಗ್ಲಿಷ್ ಮೆನುಗಳಿರುವ ಯಾವ ವರ್ಡ್ ಪ್ರೊಸೆಸರ್ ತೆರೆದರೂ ಕಂಟ್ರೋಲ್ ಜೊತೆಗೆ ಬಿ ಒತ್ತಿದರೆ ಅಕ್ಷರ ದಪ್ಪವಾಗುತ್ತದೆ, ಐ ಒತ್ತಿದರೆ ಓರೆಯಾಗುತ್ತದೆ, ಯು ಒತ್ತಿದರೆ ಅಡಿಗೆರೆ ಬೀಳುತ್ತದೆ. ಯಾವುದೋ ಸಮಿತಿ ಒಂದು ಮಧ್ಯಾಹ್ನ ಕುಳಿತು ಇದನ್ನೆಲ್ಲ ನಿಗದಿ ಮಾಡಿರಬೇಕು ಎನಿಸುವಷ್ಟು ಸಲೀಸಾಗಿದೆ ಈ ವ್ಯವಸ್ಥೆ. ಹಾಗೇನೂ ನಡೆಯಲಿಲ್ಲ. ಈ ಮೂರು ಅಕ್ಷರಗಳ ಜಾಗ ಗಟ್ಟಿಯಾಗುವ ಮುನ್ನ ಬೇರೆ ಪದ್ಧತಿಗಳು ಬಂದವು, ಆಳಿದವು, ಹೋದವು. ಎಸ್ ಅಕ್ಷರದ ಪಾಡಂತೂ ಕೇಳುವುದೇ ಬೇಡ. ಇಂದು ಕಡತ ಉಳಿಸುವ ಈ ಕೀಲಿ ಒಂದು ಕಾಲದಲ್ಲಿ ಕರ್ಸರನ್ನು ಎಡಕ್ಕೆ ಸರಿಸುತ್ತಿತ್ತು, ಇನ್ನೊಂದು ಕಾಲದಲ್ಲಿ ಅಕ್ಷರಕ್ಕೆ ನೆರಳು ಕೊಡುತ್ತಿತ್ತು.

ಬೆರಳಚ್ಚು ಯಂತ್ರದಲ್ಲಿ ಶಾರ್ಟ್‌ಕಟ್ ಎಂಬುದೇ ಇರಲಿಲ್ಲ. ಪದವನ್ನು ದಪ್ಪಗೆ ಕಾಣಿಸಬೇಕಾದರೆ ಹಿಂದಕ್ಕೆ ಸರಿದು ಅದರ ಮೇಲೆಯೇ ಮತ್ತೊಮ್ಮೆ ಕುಟ್ಟಬೇಕು. ಅಡಿಗೆರೆಗೂ ಅದೇ ದಾರಿ. ಓರೆ ಅಕ್ಷರವಂತೂ ಸಾಮಾನ್ಯ ಯಂತ್ರದಲ್ಲಿ ಮೂಡುತ್ತಲೇ ಇರಲಿಲ್ಲ. ಹಾಗಾಗಿ ಹಸ್ತಪ್ರತಿಯಲ್ಲಿ ಅಡಿಗೆರೆ ಎಳೆದರೆ ‘ಇದನ್ನು ಇಟಾಲಿಕ್‌ನಲ್ಲಿ ಜೋಡಿಸಿ’ ಎಂದು ಮುದ್ರಣಾಲಯದವರಿಗೆ ಕೊಟ್ಟ ಸೂಚನೆ ಎಂದೇ ಅರ್ಥವಾಗುತ್ತಿತ್ತು.

ಕಂಟ್ರೋಲ್ ಕೀಲಿ ಬಂದದ್ದು ಬರವಣಿಗೆಗಾಗಿ ಅಲ್ಲ, ತಂತಿಯ ಮೂಲಕ ಪಠ್ಯ ಕಳಿಸುವ ದೂರಮುದ್ರಕಗಳಿಗಾಗಿ (ಟೆಲಿಪ್ರಿಂಟರ್). 1963ರಲ್ಲಿ ಆಸ್ಕಿ ಸಂಕೇತಮಾಲೆ ರೂಪುಗೊಂಡಾಗ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಸಿಕ್ಕಿತು. ಮೊದಲ 32 ಸಂಖ್ಯೆಗಳನ್ನು ಯಂತ್ರಕ್ಕೆ ಕೊಡುವ ಆಜ್ಞೆಗಳಿಗೆಂದು ಮೀಸಲಿಟ್ಟರು. ಕಂಟ್ರೋಲ್ ಒತ್ತಿ ಹಿಡಿದರೆ ಅಕ್ಷರದ ಸಂಖ್ಯೆಯಲ್ಲಿ 64 ಕಳೆದು ಉಳಿದದ್ದು ತಂತಿಯ ಮೇಲೆ ಹೋಗುತ್ತಿತ್ತು. ಜಿ ಅಂದರೆ 71. ಕಂಟ್ರೋಲ್ ಜೊತೆಗೆ ಒತ್ತಿದರೆ 7, ಆ ತುದಿಯಲ್ಲಿ ಗಂಟೆ ಬಾರಿಸುತ್ತಿತ್ತು. ಎಚ್ ಒಂದು ಹೆಜ್ಜೆ ಹಿಂದಕ್ಕೆ, ಎಂ ಸಾಲಿನ ಆರಂಭಕ್ಕೆ, ಎಸ್ ‘ಸದ್ಯಕ್ಕೆ ಕಳಿಸುವುದನ್ನು ನಿಲ್ಲಿಸು’ ಎಂಬುದಕ್ಕೆ. ಐ ಒತ್ತಿದರೆ 9, ಅಂದರೆ ಟ್ಯಾಬ್. ಈ ಕೊನೆಯದನ್ನು ಗಮನಿಸಬೇಕು. ಇಂಥ ಸಂಖ್ಯೆಗಳನ್ನಷ್ಟೇ ಪಡೆಯುವ ತಂತ್ರಾಂಶಕ್ಕೆ ಟ್ಯಾಬ್ ಕೀಲಿಗೂ ಕಂಟ್ರೋಲ್+ಐಗೂ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಅಲ್ಲಿ ಐಯನ್ನು ಇಟಾಲಿಕ್‌ಗೆ ಕೊಟ್ಟರೆ ಟ್ಯಾಬ್ ಕೈಬಿಟ್ಟುಹೋಗುತ್ತದೆ. ಕೀಲಿಮಣೆ ಬರಿಯ ಸಂಖ್ಯೆಯ ಬದಲು ‘ಇಂಥ ಕೀಲಿ ಒತ್ತಿದ್ದಾರೆ’ ಎಂದು ತಂತ್ರಾಂಶಕ್ಕೆ ನೇರವಾಗಿ ತಿಳಿಸುವ ಕಾಲ ಬರುವವರೆಗೂ ಇಂದಿನ ಜೋಡಣೆ ಸಾಧ್ಯವಿರಲಿಲ್ಲ.

1978ರಲ್ಲಿ ಬಂದ ವರ್ಡ್‌ಸ್ಟಾರ್ ಎಂಬ ವರ್ಡ್ ಪ್ರೊಸೆಸರ್ ಆ ಮಿತಿಯೊಳಗೇ ಬೆಳೆದದ್ದು. ಸೇಮೂರ್ ರೂಬಿನ್‌ಸ್ಟೈನ್ ಅವರ ಮೈಕ್ರೋಪ್ರೋ ಸಂಸ್ಥೆಗಾಗಿ ರಾಬ್ ಬಾರ್ನಬಿ ಬರೆದ ಈ ತಂತ್ರಾಂಶ, ಬಾಣದ ಕೀಲಿಗಳಾಗಲಿ ಎಫ್ ಸಾಲಿನ ಕೀಲಿಗಳಾಗಲಿ ಇಲ್ಲದ ಕೀಲಿಮಣೆಗಳಲ್ಲೂ ನಡೆಯಬೇಕಿತ್ತು. ಎಲ್ಲೆಡೆ ಸಿಗುತ್ತದೆಂದು ನಂಬಬಹುದಾದದ್ದು ಕಂಟ್ರೋಲ್ ಒಂದೇ. ಹಾಗಾಗಿ ಇ, ಎಸ್, ಡಿ, ಎಕ್ಸ್ ಎಂಬ ನಾಲ್ಕು ಕೀಲಿಗಳು ಎಡಗೈ ಕೆಳಗೆ ವಜ್ರದಾಕಾರದಲ್ಲಿ ನಿಂತು ಕರ್ಸರನ್ನು ನಾಲ್ಕು ದಿಕ್ಕಿಗೂ ಓಡಿಸಿದವು. ಒಂದೊಂದಕ್ಕೆ ಒಂದೇ ಅಕ್ಷರ ಸಾಲದಾದಾಗ ಎರಡೆರಡು ಅಕ್ಷರಗಳ ಆಜ್ಞೆಗಳು ಬಂದವು: ಮುದ್ರಣದ ರೂಪಕ್ಕೆ ಮೊದಲು ಪಿ, ಪಠ್ಯದ ತುಂಡುಗಳಿಗೂ ಕಡತಗಳಿಗೂ ಮೊದಲು ಕೆ. ದಪ್ಪಕ್ಷರಕ್ಕೆ ಕಂಟ್ರೋಲ್+ಪಿ, ಆಮೇಲೆ ಬಿ. ಅಡಿಗೆರೆಗೆ ಪಿ, ಆಮೇಲೆ ಎಸ್. ಕೆ ಹಿಂದೆ ಎಸ್ ಒತ್ತಿದರೆ ಕಡತ ಉಳಿಯುತ್ತಿತ್ತು. ಬರಿಯ ಬಿ ಒತ್ತಿದರೆ? ಪ್ಯಾರಾದ ಸಾಲುಗಳು ಮತ್ತೆ ಹೊಂದಿಕೊಳ್ಳುತ್ತಿದ್ದವು, ಅಷ್ಟೇ.

ಪರದೆ ದಪ್ಪಕ್ಷರ ತೋರಿಸಲಾರದು. ಪದದ ಹಿಂದೆ ಒಂದು ಗುರುತು, ಮುಂದೆ ಒಂದು ಗುರುತು ಕಾಣುತ್ತಿತ್ತು. ಉಳಿದದ್ದು ಮುದ್ರಕದ ಪಾಲಿಗೆ. ಇಂದಿನವರಿಗೆ ಕಷ್ಟವೆನಿಸಬಹುದಾದ ಈ ವ್ಯವಸ್ಥೆಯಲ್ಲಿ ಕೈ ಅಕ್ಷರಗಳ ಸಾಲನ್ನು ಬಿಟ್ಟು ಕದಲಬೇಕಿರಲಿಲ್ಲ. ಆಗಿನ ಬಹಳಷ್ಟು ಕೀಲಿಮಣೆಗಳಲ್ಲಿ ಕಂಟ್ರೋಲ್ ಇದ್ದದ್ದು ಎ ಅಕ್ಷರದ ಪಕ್ಕದಲ್ಲೇ, ಕಿರುಬೆರಳಿಗೆ ಎಟಕುವಂತೆ. 1980ರ ದಶಕದ ಮಧ್ಯದಲ್ಲಿ ಐಬಿಎಂ ತನ್ನ ಹೊಸ ಕೀಲಿಮಣೆಯಲ್ಲಿ ಅದನ್ನು ಕೆಳಗಿನ ಮೂಲೆಗೆ ತಳ್ಳಿ ಆ ಜಾಗವನ್ನು ಕ್ಯಾಪ್ಸ್ ಲಾಕ್‌ಗೆ ಕೊಟ್ಟಿತು. ನನ್ನ ಮಟ್ಟಿಗೆ ಕೀಲಿಮಣೆಯ ಇತಿಹಾಸದಲ್ಲೇ ಇದು ದುಬಾರಿ ತಪ್ಪು. ದಿನಕ್ಕೆ ನೂರು ಬಾರಿ ಬೇಕಾದದ್ದು ಮೂಲೆಗೆ, ವರ್ಷಕ್ಕೊಮ್ಮೆ ಬೇಕಾದದ್ದು ಅಂಗೈಯ ಪಕ್ಕಕ್ಕೆ. ಅಮೆರಿಕದ ಕಾದಂಬರಿಕಾರ ಜಾರ್ಜ್ ಆರ್. ಆರ್. ಮಾರ್ಟಿನ್ ಈ ಶತಮಾನದಲ್ಲೂ ವರ್ಡ್‌ಸ್ಟಾರ್ 4ರಲ್ಲೇ ಬರೆಯುತ್ತಿರುವುದಾಗಿ ಹೇಳಿದಾಗ ಅನೇಕರು ನಕ್ಕರು. ಬೆರಳುಗಳ ಅಭ್ಯಾಸ ಬಲ್ಲವರು ನಗಲಿಲ್ಲ.

ವರ್ಡ್‌ಪರ್ಫೆಕ್ಟ್ ಹಿಡಿದದ್ದು ಬೇರೆ ದಾರಿ. ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದ ಆವರಣದಲ್ಲಿ ಆಲನ್ ಆಷ್ಟನ್ ಮತ್ತು ಬ್ರೂಸ್ ಬ್ಯಾಸ್ಟಿಯನ್ ಹುಟ್ಟುಹಾಕಿದ ಈ ತಂತ್ರಾಂಶ 1982ರಲ್ಲಿ ಐಬಿಎಂ ಪಿಸಿಗೆ ಬಂತು. ಆ ಯಂತ್ರದಲ್ಲಿ ಹತ್ತು ಎಫ್ ಕೀಲಿಗಳಿದ್ದವು. ಒಂಟಿಯಾಗಿ ಒಂದು ಕೆಲಸ, ಶಿಫ್ಟ್, ಆಲ್ಟ್, ಕಂಟ್ರೋಲ್ ಜೊತೆಗೆ ಒಂದೊಂದು, ಒಟ್ಟು ನಲವತ್ತು. ಎಫ್6 ದಪ್ಪಕ್ಷರ, ಎಫ್8 ಅಡಿಗೆರೆ, ಎಫ್7 ಹೊರಹೋಗಲು. ಸಂಖ್ಯೆಗೂ ಕೆಲಸಕ್ಕೂ ಯಾವ ನಂಟೂ ಇಲ್ಲ. ಅದಕ್ಕಾಗಿ ತಂತ್ರಾಂಶದ ಜೊತೆಗೇ ಎಫ್ ಕೀಲಿಗಳ ಸುತ್ತ ಇಡುವ ಒಂದು ಪಟ್ಟಿಯೂ ಬರುತ್ತಿತ್ತು: ಕಂಟ್ರೋಲ್‌ನದು ಕೆಂಪು, ಶಿಫ್ಟ್‌ನದು ಹಸಿರು, ಆಲ್ಟ್‌ನದು ನೀಲಿ. ಪಟ್ಟಿ ಕಳೆದುಹೋದರೆ ಹೊಸಬರ ಕೆಲಸ ನಿಂತಂತೆ. ಆದರೂ 1989ರ 5.1 ಆವೃತ್ತಿಯ ಹೊತ್ತಿಗೆ ಅದು ಕಚೇರಿಗಳ, ವಿಶೇಷವಾಗಿ ವಕೀಲರ, ಮೆಚ್ಚಿನ ತಂತ್ರಾಂಶವಾಗಿತ್ತು. ಕಂಠಪಾಠ ಮಾಡಿದವರ ವೇಗಕ್ಕೆ ಸಾಟಿಯಿರಲಿಲ್ಲ. ಮಾಡದವರಿಗೆ ಖಾಲಿ ನೀಲಿ ಪರದೆ ಏನನ್ನೂ ಹೇಳುತ್ತಿರಲಿಲ್ಲ.

ಇಂದಿನ ಪದ್ಧತಿಯ ಬೇರು ಇರುವುದು ಮೂರನೆಯ ಕಡೆ, ಕ್ಯಾಲಿಫೋರ್ನಿಯಾದ ಜೆರಾಕ್ಸ್ ಪಾರ್ಕ್ ಸಂಶೋಧನಾ ಕೇಂದ್ರದಲ್ಲಿ. 1974ರಲ್ಲಿ ಬಟ್ಲರ್ ಲ್ಯಾಂಪ್ಸನ್ ಮತ್ತು ಚಾರ್ಲ್ಸ್ ಸಿಮೋನಿ ಅಲ್ಲಿ ಬ್ರಾವೊ ಎಂಬ ತಂತ್ರಾಂಶ ಸಿದ್ಧಪಡಿಸಿದರು. ದಪ್ಪ, ಓರೆ ಎಲ್ಲವೂ ಮುದ್ರಣದಲ್ಲಿ ಬರುವಂತೆಯೇ ಪರದೆಯ ಮೇಲೆ ಕಾಣುತ್ತಿದ್ದವು. ತೊಡಕಿದ್ದದ್ದು ಅದರ ಸ್ಥಿತಿಗಳಲ್ಲಿ, ಅಂದರೆ ಮೋಡ್‌ಗಳಲ್ಲಿ. ಒಮ್ಮೆ ಕೀಲಿ ಒತ್ತಿದರೆ ಅಕ್ಷರ ಬೀಳುತ್ತದೆ, ಇನ್ನೊಮ್ಮೆ ಅದೇ ಕೀಲಿ ಆಜ್ಞೆಯಾಗುತ್ತದೆ. ಆಜ್ಞೆಯ ಸ್ಥಿತಿಯಲ್ಲಿ ಇದ್ದೇವೆಂಬುದನ್ನು ಮರೆತು ‘ಎಡಿಟ್’ ಎಂಬ ಪದದ ನಾಲ್ಕು ಇಂಗ್ಲಿಷ್ ಅಕ್ಷರಗಳನ್ನು ಹೊಡೆದರೆ ಏನಾಗುತ್ತಿತ್ತು ಎಂಬ ಕಥೆ ಅಲ್ಲಿ ಹೆಸರುವಾಸಿ: ಇ ಎಲ್ಲವನ್ನೂ ಆಯ್ಕೆ ಮಾಡುತ್ತದೆ, ಡಿ ಅಳಿಸುತ್ತದೆ, ಐ ಹೊಸದಾಗಿ ಸೇರಿಸಲು ಅಣಿಯಾಗುತ್ತದೆ, ಟಿ ಸೇರುತ್ತದೆ. ಇಡೀ ದಸ್ತಾವೇಜು ಹೋಗಿ ಒಂದೇ ಒಂದು ಟಿ ಉಳಿಯುತ್ತದೆ.

ಇದನ್ನು ಸಹಿಸದವರು ಅದೇ ಕೇಂದ್ರದ ಸಂಶೋಧಕ ಲ್ಯಾರಿ ಟೆಸ್ಲರ್. ಸ್ಥಿತಿಗಳೇ ಬೇಡವೆಂದು ಜೀವನವಿಡೀ ವಾದಿಸಿದ ಅವರು ತಮ್ಮ ಕಾರಿನ ನೋಂದಣಿ ಫಲಕದಲ್ಲೂ ‘ನೋ ಮೋಡ್ಸ್’ ಎಂದು ಬರೆಸಿಕೊಂಡಿದ್ದರು. ಟಿಮ್ ಮಾಟ್ ಜೊತೆ ಸೇರಿ ಅವರು ಕಟ್ಟಿದ ಜಿಪ್ಸಿ ತಂತ್ರಾಂಶದಲ್ಲಿ ಅಕ್ಷರದ ಕೀಲಿ ಒತ್ತಿದರೆ ಯಾವಾಗಲೂ ಅಕ್ಷರವೇ. ಮೊದಲು ಪಠ್ಯವನ್ನು ಮೌಸ್‌ನಿಂದ ಆಯ್ದುಕೊಳ್ಳುವುದು, ಆಮೇಲೆ ಅದಕ್ಕೆ ಏನಾಗಬೇಕೋ ಹೇಳುವುದು. ಇಂದು ನಾವು ಪದವನ್ನು ಆಯ್ದು ಕಂಟ್ರೋಲ್+ಬಿ ಒತ್ತುವ ಕ್ರಮಕ್ಕೆ ಆಧಾರ ಇದೇ.

1980ರಲ್ಲಿ ಟೆಸ್ಲರ್ ಆ್ಯಪಲ್ ಸೇರಿದರು. ಆ ಸಂಸ್ಥೆಯ 1983ರ ಲಿಸಾ ಕಂಪ್ಯೂಟರಿನಲ್ಲಿ ಜೆಡ್, ಎಕ್ಸ್, ಸಿ, ವಿ ಎಂಬ ನೆರೆಹೊರೆಯ ನಾಲ್ಕು ಕೀಲಿಗಳು ರದ್ದು, ಕತ್ತರಿ, ನಕಲು, ಅಂಟಿಸುವಿಕೆಗೆ ಮೀಸಲಾದವು. 1984ರ ಮ್ಯಾಕಿಂಟಾಷ್‌ನ ಕೀಲಿಮಣೆಯಲ್ಲಿ ಬಾಣದ ಕೀಲಿಗಳಿರಲಿಲ್ಲ, ಎಫ್ ಕೀಲಿಗಳಿರಲಿಲ್ಲ, ಕಂಟ್ರೋಲ್ ಕೂಡ ಇರಲಿಲ್ಲ. ಆಜ್ಞೆಗಳಿಗೆಂದೇ ಕಮಾಂಡ್ ಎಂಬ ಕೀಲಿ ಇತ್ತು. ಅದರ ಮೇಲೆ ಮೊದಲು ಸೇಬಿನ ಚಿತ್ರವಿತ್ತು. ಮೆನು ತುಂಬ ಸೇಬುಗಳೇ ಕಂಡಾಗ ಸ್ಟೀವ್ ಜಾಬ್ಸ್ ರೇಗಿದರು. ಕಲಾವಿದೆ ಸೂಸನ್ ಕೇರ್ ಚಿಹ್ನೆಗಳ ನಿಘಂಟೊಂದನ್ನು ತಡಕಿ, ಸ್ವೀಡನ್ನಿನಲ್ಲಿ ಪ್ರೇಕ್ಷಣೀಯ ಸ್ಥಳ ಸೂಚಿಸಲು ಬಳಸುವ ಸುರುಳಿ ಮೂಲೆಗಳ ಚೌಕವನ್ನು ಆರಿಸಿದರು.

ನನ್ನ ದೃಷ್ಟಿಯಲ್ಲಿ ಮ್ಯಾಕ್‌ನ ದೊಡ್ಡ ಕೊಡುಗೆ ಆ ಚಿಹ್ನೆಯಲ್ಲ, ಅದು ಕೂತ ಜಾಗ. ಮೆನು ಎಳೆದರೆ ಆಜ್ಞೆಯ ಹೆಸರು ಎಡಕ್ಕೆ, ಅದರ ಕೀಲಿ ಬಲಕ್ಕೆ ಕಾಣುತ್ತದೆ. ಬಣ್ಣದ ಪಟ್ಟಿ ಬೇಡ, ಕಂಠಪಾಠ ಬೇಡ. ಹತ್ತು ಬಾರಿ ಮೌಸ್‌ನಿಂದ ಆರಿಸಿದವರಿಗೆ ಹನ್ನೊಂದನೆಯ ಬಾರಿ ಕೀಲಿ ತಾನಾಗಿ ನೆನಪಾಗುತ್ತದೆ. ಮ್ಯಾಕ್‌ನ ವರ್ಡ್ ಪ್ರೊಸೆಸರ್ ಮ್ಯಾಕ್‌ರೈಟ್‌ನ ಶೈಲಿ ಮೆನುವಿನಲ್ಲಿ ದಪ್ಪಕ್ಕೆ ಬಿ, ಓರೆಗೆ ಐ, ಅಡಿಗೆರೆಗೆ ಯು ಹೀಗೆಯೇ ಕೂತವು. ಅವುಗಳ ಜೊತೆಗೇ ಸಾದಾ ಅಕ್ಷರಕ್ಕೆ ಪಿ, ಬರಿಯ ಅಂಚುರೇಖೆಗೆ ಒ, ನೆರಳಿಗೆ ಎಸ್. ಮುದ್ರಣಕ್ಕೆ ಪಿ, ಕಡತ ತೆರೆಯಲು ಒ, ಉಳಿಸಲು ಎಸ್ ಎಂಬುದು ಆಮೇಲಿನ ಮಾತು. ಒಳ್ಳೆಯ ಅಕ್ಷರಗಳನ್ನೆಲ್ಲ ಅಲಂಕಾರಕ್ಕೆ ಹಂಚಿದ ತಂತ್ರಾಂಶ ಅದು.

ಮೈಕ್ರೋಸಾಫ್ಟ್ ವರ್ಡ್ ಕೂಡ ಅದೇ ಬೇರಿನದು. ಬ್ರಾವೊ ಬರೆದ ಸಿಮೋನಿ 1981ರಲ್ಲಿ ಮೈಕ್ರೋಸಾಫ್ಟ್ ಸೇರಿ ರಿಚರ್ಡ್ ಬ್ರೋಡಿಯವರೊಂದಿಗೆ ವರ್ಡ್ ರೂಪಿಸಿದರು. 1983ರಲ್ಲಿ ಅದು ಹೊರಬಂತು. ವಿಂಡೋಸ್‌ಗೂ ಮುಂಚಿನ ಡಾಸ್ ಆವೃತ್ತಿಯಲ್ಲಿ ದಪ್ಪಕ್ಕೆ ಆಲ್ಟ್+ಬಿ. 1989ರ ವಿಂಡೋಸ್ ಆವೃತ್ತಿಯಲ್ಲಿ ಆಲ್ಟ್ ಮೆನು ತೆರೆಯುವ ಕೆಲಸಕ್ಕೆ ಹೋದದ್ದರಿಂದ ಬಿ, ಐ, ಯು ಮೂರೂ ಕಂಟ್ರೋಲ್ ಆಸರೆಗೆ ಬಂದವು. ಆದರೆ ಕತ್ತರಿ, ನಕಲುಗಳಿಗೆ ವಿಂಡೋಸ್ ಆಗ ಅನುಸರಿಸುತ್ತಿದ್ದದ್ದು 1987ರ ಐಬಿಎಂ ನಿಯಮಾವಳಿ: ಶಿಫ್ಟ್+ಡಿಲೀಟ್, ಕಂಟ್ರೋಲ್+ಇನ್ಸರ್ಟ್, ಶಿಫ್ಟ್+ಇನ್ಸರ್ಟ್. 1992ರ ವಿಂಡೋಸ್ 3.1ರಲ್ಲಿ ಆ್ಯಪಲ್‌ನ ನಾಲ್ಕು ಅಕ್ಷರಗಳು ಕಂಟ್ರೋಲ್ ಜೊತೆಗೆ ಬಂದು ಸೇರಿದವು. ಎಸ್ ಆಗಲೂ ಅಲೆಯುತ್ತಲೇ ಇತ್ತು. ವಿಂಡೋಸ್‌ಗಾಗಿ ಬಂದ ವರ್ಡ್‌ನ ಆರಂಭದ ಆವೃತ್ತಿಗಳಲ್ಲಿ ಕಂಟ್ರೋಲ್+ಎಸ್ ಪ್ಯಾರಾದ ಶೈಲಿ ಆರಿಸಲು, ಎಫ್ ಫಾಂಟ್ ಆರಿಸಲು, ಪಿ ಅಕ್ಷರದ ಗಾತ್ರಕ್ಕೆ ಬಳಕೆಯಾಗುತ್ತಿದ್ದವು. ಕಡತ ಉಳಿಸಲು ಶಿಫ್ಟ್+ಎಫ್12. ಮುಂದೆ ಎಸ್, ಎಫ್, ಪಿಗಳು ಉಳಿಸಲು, ಹುಡುಕಲು, ಮುದ್ರಿಸಲು ಹೋದವು. ಹಳೆಯ ಕೆಲಸಗಳಿಗೆ ಶಿಫ್ಟ್ ಸೇರಿಕೊಂಡಿತು. ಶಿಫ್ಟ್+ಎಫ್12 ಇಂದಿಗೂ ವರ್ಡ್‌ನಲ್ಲಿ ಕಡತ ಉಳಿಸುತ್ತದೆ, ಪ್ರಯತ್ನಿಸಿ ನೋಡಿ.

ಪಠ್ಯವನ್ನು ನಡುವಿಗೆ ತರಲು ಇ ಏಕೆ ಎಂದು ಕೇಳುವವರಿಗೂ ಉತ್ತರ ಇಲ್ಲೇ ಇದೆ: ಸಿ ಆಗಲೇ ನಕಲಿನ ಪಾಲಾಗಿತ್ತು. ಭಾಷೆ ಬದಲಾದರೆ ಹಂಚಿಕೆಯೂ ಬದಲಾಗುತ್ತದೆ. ಫ್ರೆಂಚ್ ವರ್ಡ್‌ನಲ್ಲಿ ದಪ್ಪಕ್ಕೆ ಜಿ. ಸ್ಪ್ಯಾನಿಷ್‌ನಲ್ಲಿ ದಪ್ಪಕ್ಕೆ ಎನ್, ಓರೆಗೆ ಕೆ, ಅಡಿಗೆರೆಗೆ ಎಸ್. ಉಳಿಸಲೆಂದು ಅಭ್ಯಾಸಬಲದಿಂದ ಎಸ್ ಒತ್ತಿದವರ ಪಠ್ಯದ ಕೆಳಗೆ ಗೆರೆ ಬೀಳುತ್ತದೆ. ಕನ್ನಡದಂಥ ಲಿಪಿಗಳಲ್ಲಿ ಟೈಪಿಸುವಾಗ ಕೀಲಿಗಳೇನೋ ಕೆಲಸ ಮಾಡುತ್ತವೆ, ಆದರೆ ಬಹಳಷ್ಟು ಫಾಂಟ್‌ಗಳಿಗೆ ಪ್ರತ್ಯೇಕ ಇಟಾಲಿಕ್ ವಿನ್ಯಾಸವೇ ಇಲ್ಲ. ಐ ಒತ್ತಿದಾಗ ತಂತ್ರಾಂಶ ಅಕ್ಷರಗಳನ್ನು ಸುಮ್ಮನೆ ಬಲಕ್ಕೆ ಬಾಗಿಸುತ್ತದೆ, ನೋಡಲು ಚೆನ್ನಾಗಿರುವುದಿಲ್ಲ.

ವರ್ಡ್ ಪ್ರೊಸೆಸರ್ ಬ್ರೌಸರಿನೊಳಕ್ಕೆ ಬಂದಾಗ ಹೊಸ ಜಗಳ ಶುರುವಾಯಿತು. ಬ್ರೌಸರಿನಲ್ಲಿ ಕಂಟ್ರೋಲ್+ಎಲ್ ವಿಳಾಸಪಟ್ಟಿಗೆ ಹೋಗುತ್ತದೆ, ಆರ್ ಪುಟವನ್ನು ಮತ್ತೆ ತರುತ್ತದೆ. ಹಾಗಾಗಿ ವರ್ಡ್‌ನಲ್ಲಿ ಎಲ್, ಇ, ಆರ್, ಜೆ ಎಂದಿದ್ದ ಸಾಲುಹೊಂದಿಕೆಯ ಕೀಲಿಗಳು ಗೂಗಲ್ ಡಾಕ್ಸ್‌ನಲ್ಲಿ ಶಿಫ್ಟ್ ಜೊತೆಗೆ ಬಂದವು. ಬಿ, ಐ, ಯು ಮಾತ್ರ ಅಲುಗಲಿಲ್ಲ. ಇನ್ನು ಮೊಬೈಲಿನ ಪರದೆಯ ಕೀಲಿಮಣೆಯಲ್ಲಿ ಕಂಟ್ರೋಲೇ ಇಲ್ಲ. ವಾಟ್ಸ್‌ಆ್ಯಪ್ 2016ರಲ್ಲಿ ದಪ್ಪಕ್ಷರ ತಂದಾಗ ಪದದ ಎರಡೂ ಬದಿಗೆ ನಕ್ಷತ್ರ ಚಿಹ್ನೆ ಇಡುವ ವಿಧಾನ ಹಿಡಿಯಿತು. ಪಠ್ಯದೊಳಗೇ ಗುರುತು ಹಾಕುವ ಹಳೆಯ ಪದ್ಧತಿ ಮತ್ತೊಂದು ಬಾಗಿಲಿನಿಂದ ಒಳಬಂತು.

ಇಷ್ಟೆಲ್ಲದರ ನಡುವೆ ಹೆಚ್ಚಿನವರು ಆ ಮೂರು ಅಕ್ಷರಗಳಾಚೆ ಹೋಗುವುದೇ ಇಲ್ಲ ಎಂಬುದು ನನಗೆ ಸೋಜಿಗ. ಬೇರೆಡೆಯಿಂದ ತಂದು ಅಂಟಿಸಿದ ಪಠ್ಯದ ಬಣ್ಣ, ಫಾಂಟುಗಳ ಗೊಂದಲವನ್ನು ವರ್ಡ್‌ನಲ್ಲಿ ಕಂಟ್ರೋಲ್+ಸ್ಪೇಸ್ ಕ್ಷಣದಲ್ಲಿ ಅಳಿಸುತ್ತದೆ. ಪ್ಯಾರಾದ ಅಂಚು, ಅಂತರಗಳಿಗೆ ಕಂಟ್ರೋಲ್+ಕ್ಯೂ. ಕಂಟ್ರೋಲ್+ಆಲ್ಟ್+1 ಒತ್ತಿದರೆ ಸಾಲು ದೊಡ್ಡದಾಗುವುದಷ್ಟೇ ಅಲ್ಲ, ಅದು ಶೀರ್ಷಿಕೆಯೆಂದು ತಂತ್ರಾಂಶಕ್ಕೂ ತಿಳಿಯುತ್ತದೆ. ಪರಿವಿಡಿ ತಾನಾಗಿ ಸಿದ್ಧವಾಗುವುದು ಆ ತಿಳಿವಿನಿಂದಲೇ. ಶೀರ್ಷಿಕೆಯನ್ನು ಬಿಯಿಂದ ದಪ್ಪ ಮಾಡಿ, ಗಾತ್ರ ಹಿಗ್ಗಿಸಿ, ನಡುವಿಗೆ ತಂದವರಿಗೆ ಆ ಅನುಕೂಲ ಸಿಗುವುದಿಲ್ಲ.

ಅಕ್ಷರಗಳ ಹಂಚಿಕೆ ಈಗಲೂ ಮುಗಿದಿಲ್ಲ. ಒಂದು ಕಡೆಯ ರೂಪವನ್ನು ಕಂಟ್ರೋಲ್+ಶಿಫ್ಟ್+ಸಿಯಿಂದ ನಕಲಿಸಿ ಇನ್ನೊಂದು ಕಡೆಗೆ ಕಂಟ್ರೋಲ್+ಶಿಫ್ಟ್+ವಿಯಿಂದ ಹಚ್ಚುವುದು ವರ್ಡ್‌ನಲ್ಲಿ ಬಹುಕಾಲದ ರೂಢಿ. ಬ್ರೌಸರುಗಳಲ್ಲಿ ಅದೇ ಶಿಫ್ಟ್+ವಿ ಜೋಡಿ ಯಾವ ರೂಪವೂ ಇಲ್ಲದ ಬರಿಯ ಪಠ್ಯ ಅಂಟಿಸಲು ಬಳಕೆಯಾಯಿತು. ಇತ್ತೀಚಿನ ಆವೃತ್ತಿಗಳಲ್ಲಿ ವರ್ಡ್ ತಾನೂ ಬ್ರೌಸರಿನ ರೂಢಿಗೆ ಒಪ್ಪಿ, ರೂಪದ ನಕಲನ್ನು ಕಂಟ್ರೋಲ್+ಆಲ್ಟ್ ಕಡೆಗೆ ಸಾಗಿಸಿದೆ. ಹಳಬರು ಶೈಲಿ ಹಚ್ಚಲು ಹೋದರೆ ಈಗ ಅಲ್ಲಿ ಪಠ್ಯ ಬಂದು ಬೀಳುತ್ತದೆ.